ಬಿಸಿಲಿಗೆ ಕಲ್ಲಿನ ಬಣ್ಣವೂ ಹಾರುತ್ತದೆ: ಯಾವ ಹರಳನ್ನು ಎಲ್ಲಿಡಬೇಕು?

ನಮ್ಮ ಮನೆಯ ಪಶ್ಚಿಮದ ಕಿಟಕಿಯಲ್ಲಿ ಒಂದು ಅಮೆಥಿಸ್ಟ್ ಗೊಂಚಲು ಇತ್ತು. ಅಂಗೈಯಷ್ಟು ಅಗಲ. ಕೆಳಗೆ ಬೂದು ಕಲ್ಲಿನ ತೊಗಟೆ, ಮೇಲೆ ಒತ್ತೊತ್ತಾಗಿ ಚೂಪು ಹರಳುಗಳು. ತಂದಾಗ ಕಳಿತ ನೇರಳೆಹಣ್ಣಿನ ಬಣ್ಣ. ಸಂಜೆ ಬಿಸಿಲು ಬಿದ್ದರೆ ಒಳಗೆ ದೀಪ ಹಚ್ಚಿದ ಹಾಗೆ ಕಾಣುತ್ತಿತ್ತು. ಆ ಚೆಂದಕ್ಕೇ ಅಲ್ಲಿಟ್ಟಿದ್ದೆ. ಎರಡು ಬೇಸಿಗೆ ಕಳೆದ ಮೇಲೆ ಒಂದು ದಿನ ದೂಳು ಒರೆಸಲು ಎತ್ತಿ ತಿರುಗಿಸಿದೆ. ಗಾಜಿನ ಕಡೆಗಿದ್ದ ಹರಳುಗಳು ನೀರು ಜಾಸ್ತಿಯಾದ ಶರಬತ್ತಿನಂತೆ ತಿಳಿಯಾಗಿದ್ದವು. ಕೋಣೆಯ ಕಡೆಗಿದ್ದವು ಮೊದಲಿನ ಹಾಗೇ ಇದ್ದವು. ನಾವು ದಿನಾ ನೋಡುತ್ತಿದ್ದದ್ದು ಕೋಣೆಯ ಕಡೆಯ ಮುಖ. ಹಾಗಾಗಿ ಅಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ.

ಈಗ ಇಂಥ ಹರಳುಗಳು ಎಷ್ಟೋ ಮನೆಗಳಲ್ಲಿವೆ. ಕೆಲವರು ಪ್ರವಾಸ ಹೋದಲ್ಲಿಂದ ತರುತ್ತಾರೆ, ಕೆಲವರು ಆನ್‌ಲೈನಿನಲ್ಲಿ ತರಿಸುತ್ತಾರೆ, ಕಲ್ಲು ಕೂಡಿಡುವ ಮಕ್ಕಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿಯೂ ಬರುತ್ತವೆ. ಜೊತೆಗೆ 'ಹರಳನ್ನು ಬಿಸಿಲಿಗಿಟ್ಟು ಚಾರ್ಜ್ ಮಾಡಿ' ಎನ್ನುವ ರೀಲ್‌ಗಳೂ ಬರುತ್ತಿವೆ. ಹಾಗಾಗಿ ಬಿಸಿಲು ಕಲ್ಲಿಗೆ ಏನು ಮಾಡುತ್ತದೆ ಎಂದು ತಿಳಿದಿರುವುದು ಒಳ್ಳೆಯದು. ಬಣ್ಣ ಒಮ್ಮೆ ಹೋದರೆ ಮನೆಯಲ್ಲಿ ಅದನ್ನು ಮತ್ತೆ ಬರಿಸುವ ದಾರಿ ಇಲ್ಲ.

ಕಲ್ಲಿಗೆ ಬಣ್ಣ ಬರುವುದು ಎಲ್ಲಿಂದ?

ಬಿಳಿ ಪಂಚೆಯ ಮೇಲೆ ಸಾರು ಚೆಲ್ಲಿದರೆ ಅರಿಶಿನದ ಕಲೆ ಆಗುತ್ತದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಬಿಸಿಲಿಗೆ ಒಣಹಾಕಿದರೆ ಸಂಜೆಯೊಳಗೆ ತಾನಾಗಿಯೇ ಮಾಯ. ಅದೇ ಪಂಚೆಗೆ ತುಕ್ಕಿನ ಕಲೆ ಹತ್ತಿದರೆ ವರ್ಷಗಟ್ಟಲೆ ಬಿಸಿಲಿಗೆ ಹಾಕಿದರೂ ಜಗ್ಗುವುದಿಲ್ಲ.

ಕಲ್ಲುಗಳ ಬಣ್ಣದಲ್ಲೂ ಹೀಗೆ ಎರಡು ಜಾತಿ. ಅರಿಶಿನ ಮಾಸುವ ರೀತಿ ಬೇರೆ, ಹರಳು ಮಾಸುವ ರೀತಿ ಬೇರೆ. ಆದರೆ ಯಾವುದು ಬಿಸಿಲಿಗೆ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ನೆನಪಿಡಲು ಈ ಹೋಲಿಕೆ ಸಾಕು.

ತುಕ್ಕಿನ ಜಾತಿಯ ಬಣ್ಣ ಕಲ್ಲಿನೊಳಗಿರುವ ಪದಾರ್ಥದಿಂದಲೇ ಬರುತ್ತದೆ. ಬಾದಾಮಿಯ ಬಂಡೆಗಳನ್ನು ನೋಡಿ. ಅಲ್ಲಿಯ ಮರಳುಗಲ್ಲು ಕೆಂಪಗಿರುವುದು ಮರಳಿನ ಕಣಗಳಿಗೆ ಅಂಟಿರುವ ಕಬ್ಬಿಣದ ಆಕ್ಸೈಡಿನಿಂದ, ಅಂದರೆ ಹೆಚ್ಚುಕಡಿಮೆ ತುಕ್ಕಿನ ಬಳಗದ ವಸ್ತುವಿನಿಂದ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ. ಅಂದಿನಿಂದ 1,400ಕ್ಕೂ ಹೆಚ್ಚು ಬೇಸಿಗೆ ಕಂಡ ಆ ಬೆಟ್ಟ ಇಂದಿಗೂ ಕೆಂಪಾಗಿಯೇ ಇದೆ. ಮಾಣಿಕ್ಯದ ಕೆಂಪು ಕ್ರೋಮಿಯಂನಿಂದ ಬರುತ್ತದೆ, ಮ್ಯಾಲಕೈಟಿನ ಹಸಿರು ತಾಮ್ರದಿಂದ. ಆ ಲೋಹ ಅಲ್ಲಿರುವ ತನಕ ಬಣ್ಣವೂ ಇರುತ್ತದೆ.

ಅರಿಶಿನದ ಜಾತಿಯದು ಹಾಗಲ್ಲ. ಅಮೆಥಿಸ್ಟ್ ಎಂದರೆ ನಾವು ಬೆಣಚುಕಲ್ಲು ಎನ್ನುವ ಕ್ವಾರ್ಟ್ಜ್. ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದದ್ದು. ಬೇರೇನೂ ಬೆರೆಯದಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಅದೇ ನಮ್ಮ ಸ್ಫಟಿಕ. ಅಮೆಥಿಸ್ಟ್ ಬೆಳೆಯುವಾಗ ಅಲ್ಲೊಂದು ಇಲ್ಲೊಂದು ಕಡೆ ಸಿಲಿಕಾನಿನ ಜಾಗದಲ್ಲಿ ಕಬ್ಬಿಣದ ಪರಮಾಣು ಸೇರಿಕೊಳ್ಳುತ್ತದೆ. ಆಗಲೂ ಕಲ್ಲು ನೇರಳೆಯಾಗುವುದಿಲ್ಲ. ಸುತ್ತಲಿನ ಬಂಡೆಯಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂನಿಂದ ಸಹಜವಾಗಿ ಸಣ್ಣ ಪ್ರಮಾಣದ ವಿಕಿರಣ ಬರುತ್ತಲೇ ಇರುತ್ತದೆ. ಅದು ಬಹಳ ದೀರ್ಘಕಾಲ ಬಿದ್ದು ಬಿದ್ದು, ಆ ಕಬ್ಬಿಣದಿಂದ ಒಂದು ಎಲೆಕ್ಟ್ರಾನ್ ಜಾಗ ಬಿಟ್ಟು ಹಾರುತ್ತದೆ. ನೇರಳೆ ಬಣ್ಣ ಹುಟ್ಟುವುದು ಆಗ. ಹೀಗೆಂದು ಅಮೆಥಿಸ್ಟ್ ಹಿಡಿದರೆ ವಿಕಿರಣ ತಾಗುತ್ತದೆ ಎಂದು ಹೆದರಬೇಕಿಲ್ಲ. ಅದು ಸುತ್ತಲಿನ ಬಂಡೆಯ ಕೆಲಸ, ಹರಳಿನದಲ್ಲ.

ಒಟ್ಟಿನಲ್ಲಿ ಅಮೆಥಿಸ್ಟಿನ ಬಣ್ಣ ನಿಂತಿರುವುದು ತನ್ನ ಮನೆ ಬಿಟ್ಟು ಬೇರೆ ಕಡೆ ಕೂತಿರುವ ಎಲೆಕ್ಟ್ರಾನ್ ಮೇಲೆ. ಇಂಥ ತಾಣಗಳಿಗೆ ವಿಜ್ಞಾನಿಗಳು ಬಣ್ಣದ ಕೇಂದ್ರ ಎನ್ನುತ್ತಾರೆ.

ಅಳಗುಳಿಮನೆಯ ಕಾಯಿ

ಆ ಎಲೆಕ್ಟ್ರಾನ್ ವಾಪಸ್ ಹೋಗುವುದು ಯಾವಾಗ? ಅಳಗುಳಿಮನೆ ನೆನಪಿಸಿಕೊಳ್ಳಿ. ಒಂದು ಗುಳಿಯಲ್ಲಿದ್ದ ಕಾಯಿ ಚಿಮ್ಮಿ ಇನ್ನೊಂದು ಗುಳಿಗೆ ಬಿದ್ದಿದೆ ಎಂದುಕೊಳ್ಳಿ. ಮಣೆಯನ್ನು ಅಲ್ಲಾಡಿಸಿದರೆ ಆಳವಿಲ್ಲದ ಗುಳಿಯ ಕಾಯಿ ಎಗರಿ ಹೊರಗೆ ಬರುತ್ತದೆ. ಆಳದ ಗುಳಿಯದು ಅಲ್ಲೇ ಕೂತಿರುತ್ತದೆ.

ಹರಳಿನೊಳಗೆ ಮಣೆ ಅಲ್ಲಾಡಿಸುವ ಕೆಲಸವನ್ನು ಬೆಳಕೂ ಮಾಡುತ್ತದೆ, ಶಾಖವೂ ಮಾಡುತ್ತದೆ. ಬೆಳಕಿನಲ್ಲೂ ಕೆಂಪಿಗಿಂತ ನೀಲಿಗೆ ಶಕ್ತಿ ಜಾಸ್ತಿ, ನೀಲಿಗಿಂತ ಕಣ್ಣಿಗೆ ಕಾಣದ ನೇರಳಾತೀತ ಕಿರಣಕ್ಕೆ ಇನ್ನೂ ಜಾಸ್ತಿ. ಎಲೆಕ್ಟ್ರಾನ್ ಎಗರಿ ತನ್ನ ಮೂಲ ಜಾಗಕ್ಕೆ ಬಂತೆಂದರೆ ಆ ತಾಣದ ಬಣ್ಣ ಹೋಯಿತು. ಹೀಗೆ ಒಂದೊಂದೇ ಹೋಗಿ ಹರಳು ತಿಳಿಯಾಗುತ್ತದೆ.

ಅಮೆಥಿಸ್ಟ್ ಎಂಬ ಒಂದೇ ಹೆಸರಿನ ಎರಡು ಕಲ್ಲುಗಳು ಬಿಸಿಲಿಗೆ ಬೇರೆ ಬೇರೆ ರೀತಿ ನಡೆದುಕೊಳ್ಳುವುದು ಏಕೆ ಎಂಬುದಕ್ಕೂ ಇಲ್ಲಿ ಉತ್ತರ ಇದೆ. ಗುಳಿಗಳ ಆಳ ಗಣಿಯಿಂದ ಗಣಿಗೆ ಬೇರೆ. ಅಂಗಡಿಗಳಲ್ಲಿ ಸಿಗುವ ದೊಡ್ಡ ಗೊಂಚಲುಗಳು ಹೆಚ್ಚಾಗಿ ಬ್ರೆಜಿಲ್ ಮತ್ತು ಉರುಗ್ವೆಯವು. ನಮ್ಮ ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಕಲ್ಲಿನ ಪೊಟರೆಗಳಲ್ಲೂ ಅಮೆಥಿಸ್ಟ್ ಸಿಗುತ್ತದೆ. 'ನನ್ನದು ಹತ್ತು ವರ್ಷದಿಂದ ಕಿಟಕಿಯಲ್ಲೇ ಇದೆ, ಏನೂ ಆಗಿಲ್ಲ' ಎಂದು ಗೆಳೆಯರು ಹೇಳಿದರೆ ಅದು ನಿಜವೇ ಇರಬಹುದು. ನಿಮ್ಮ ಕಲ್ಲಿನ ಗುಳಿ ಅಷ್ಟೇ ಆಳವಾಗಿದೆ ಎಂಬುದಕ್ಕೆ ಅದು ಖಾತ್ರಿಯಲ್ಲ.

ಶಾಖಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಅಮೆಥಿಸ್ಟನ್ನು 400ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ನೇರಳೆ ಹೋಗಿ ಹಳದಿ, ಕಿತ್ತಳೆ ಬಣ್ಣ ಬರುತ್ತದೆ. ಮಾರುಕಟ್ಟೆಯಲ್ಲಿ ಸಿಟ್ರಿನ್ ಎಂದು ಮಾರುವುದರಲ್ಲಿ ಹೆಚ್ಚಿನದು ಹೀಗೆ ಕಾಯಿಸಿದ ಅಮೆಥಿಸ್ಟೇ. ಬುಡದಲ್ಲಿ ಬಿಳಿ, ತುದಿಯಲ್ಲಿ ಸುಟ್ಟ ಬೆಲ್ಲದ ಬಣ್ಣದ ಗೊಂಚಲು ನೋಡಿರುತ್ತೀರಿ, ಅಲ್ವಾ? ಅದು ಇದೇ.

ಯಾವುದಕ್ಕೆ ಹೆದರಬೇಕು?

ಅಮೆಥಿಸ್ಟಿನ ಜೊತೆಗೆ ಸ್ಮೋಕಿ ಕ್ವಾರ್ಟ್ಜನ್ನೂ ಬಿಸಿಲಿನಿಂದ ದೂರ ಇಡಿ. ಅದರ ಹೊಗೆ ಬಣ್ಣವೂ ವಿಕಿರಣದಿಂದಲೇ ಬಂದದ್ದು, ಅಲ್ಲಿ ಕಬ್ಬಿಣದ ಬದಲು ಅಲ್ಯೂಮಿನಿಯಂ ಇರುತ್ತದೆ. ಫ್ಲೋರೈಟಿನಲ್ಲಿ ಎಷ್ಟು ಬಣ್ಣಗಳಿವೆಯೋ ಅಷ್ಟು ಬಗೆಯ ಸ್ವಭಾವ. ಕೆಲವು ಹಸಿರು ಫ್ಲೋರೈಟ್‌ಗಳು ಬಿಸಿಲಲ್ಲಿ ಬೇಗ ಬಣ್ಣಗೆಡುತ್ತವೆ. ಮಡಗಾಸ್ಕರ್‌ನಿಂದ ಬರುವ ತಿಳಿನೀಲಿ ಸೆಲೆಸ್ಟೈಟ್, ಅಮೆರಿಕದ ಯೂಟಾ ರಾಜ್ಯದ ಜೇನುಬಣ್ಣದ ಟೋಪಾಜ್ ಇವೂ ಈ ಸಾಲಿನವು. ಆ ಟೋಪಾಜ್ ಬೆಟ್ಟದ ಮೇಲೆ ಬಿಸಿಲಿಗೆ ಬಿದ್ದಲ್ಲಿ ಬಣ್ಣವಿಲ್ಲದೆ ಸಿಗುತ್ತದೆ, ಬಂಡೆ ಒಡೆದು ತೆಗೆದರೆ ಜೇನಿನ ಬಣ್ಣದಲ್ಲಿರುತ್ತದೆ.

ಎಲ್ಲಕ್ಕಿಂತ ಹೆಸರಾದದ್ದು ಕುಂಜೈಟ್. 1902ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕ ಈ ನಸುಗುಲಾಬಿ ಹರಳಿಗೆ ರತ್ನತಜ್ಞ ಜಾರ್ಜ್ ಕುಂಜ್ ಅವರ ಹೆಸರಿಟ್ಟರು. ಹಗಲಲ್ಲಿ ಹಾಕಿಕೊಂಡು ಓಡಾಡಿದರೆ ಬಣ್ಣ ಇಳಿಯುತ್ತದೆಂದು ಒಡವೆ ವ್ಯಾಪಾರದವರು ಇದನ್ನು ಸಂಜೆಯ ಕಲ್ಲು ಎಂದೇ ಕರೆಯುತ್ತಾರೆ.

ರೋಸ್ ಕ್ವಾರ್ಟ್ಜ್ ಬಗ್ಗೆ ಜನರಲ್ಲಿ ಗೊಂದಲ ಇದೆ. ಗಟ್ಟಿ ಉಂಡೆಯಾಗಿ, ಹಾಲುಗುಲಾಬಿಯಾಗಿ ಸಿಗುವ ಸಾಮಾನ್ಯ ರೋಸ್ ಕ್ವಾರ್ಟ್ಜಿಗೆ ಬಣ್ಣ ಬರುವುದು ಒಳಗಿನ ಅತಿಸಣ್ಣ ನಾರಿನಂಥ ಖನಿಜದಿಂದ. ಅದು ಸಾಕಷ್ಟು ತಡೆಯುತ್ತದೆ. ಚೂಪಾದ ಹರಳಾಗಿ ಬೆಳೆದ ಅಪರೂಪದ ಗುಲಾಬಿ ಕ್ವಾರ್ಟ್ಜ್ ಮಾತ್ರ ಬೆಳಕಿಗೆ ಬಹಳ ನಾಜೂಕು.

ಹೆದರಬೇಕಿಲ್ಲದವೂ ಬೇಕಾದಷ್ಟಿವೆ. ಮಾಣಿಕ್ಯ, ಗಾರ್ನೆಟ್, ಜಾಸ್ಪರ್, ಕಬ್ಬಿಣದ ಅದಿರಿನ ಪಟ್ಟೆಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್, ಪುಣೆ ಮತ್ತು ಜಲಗಾಂವ್ ಕಡೆಯ ಹಸಿರು ಅಪೋಫಿಲೈಟ್ ಇವು ಬಿಸಿಲಿಗೆ ಬಣ್ಣ ಬಿಡುವುದಿಲ್ಲ. ಸ್ಫಟಿಕಕ್ಕೆ ಬಣ್ಣವೇ ಇಲ್ಲ, ಮಾಸುವ ಮಾತೂ ಇಲ್ಲ. ಆದರೆ ಅದರಲ್ಲಿ ಬೇರೊಂದು ಅಪಾಯ ಇದೆ. ಸ್ಫಟಿಕದ ಗೋಳ ಭೂತಗನ್ನಡಿಯಂತೆ ಬಿಸಿಲನ್ನು ಒಂದೇ ಕಡೆ ಕೂಡಿಸುತ್ತದೆ. ಕಿಟಕಿಯಲ್ಲಿಟ್ಟರೆ ಪರದೆಯೋ ಕಾಗದವೋ ಹೊತ್ತಿಕೊಳ್ಳಬಹುದು. ದಯವಿಟ್ಟು ಗೋಳವನ್ನು ಬಿಸಿಲಲ್ಲಿಡಬೇಡಿ, ಬಟ್ಟೆ ಮುಚ್ಚಿಡಿ.

ಕೆಲವಕ್ಕೆ ಬಣ್ಣ ಹೋಗುವುದಿಲ್ಲ, ಕಲ್ಲೇ ಹೋಗುತ್ತದೆ

ಆಯುರ್ವೇದದಲ್ಲಿ ಮನಃಶಿಲೆ ಎಂದು ಕರೆಯುವ ಕೆಂಪು ಖನಿಜ ಇದೆ. ಆರ್ಸೆನಿಕ್ ಮತ್ತು ಗಂಧಕ ಸೇರಿ ಆದದ್ದು. ಸಂಗ್ರಹಕಾರರು ಇದನ್ನು ರಿಯಾಲ್ಗರ್ ಎನ್ನುತ್ತಾರೆ. ಬೆಳಕು ಬಿದ್ದರೆ ಇದರ ಅಣುಗಳ ಜೋಡಣೆಯೇ ಬದಲಾಗಿ ಹರಳು ಹಳದಿ ಪುಡಿಯಾಗಿ ಉದುರುತ್ತದೆ. ಇದಕ್ಕೆ ನೇರಳಾತೀತ ಕಿರಣ ಬೇಕಾಗಿಲ್ಲ, ನಾವು ನೋಡುವ ಹಸಿರು, ಹಳದಿ ಬೆಳಕೇ ಸಾಕು. ಹಾಗಾಗಿ ಎಂಥ ದುಬಾರಿ ಗಾಜು ಹಾಕಿದರೂ ರಿಯಾಲ್ಗರ್ ಉಳಿಯುವುದಿಲ್ಲ. ಅದಕ್ಕೆ ಕತ್ತಲೆ ಡಬ್ಬಿಯೇ ಗತಿ. ಪುಡಿ ವಿಷ, ಮುಟ್ಟಿದರೆ ಕೈ ತೊಳೆಯಬೇಕು, ಮಕ್ಕಳ ಕೈಗೆ ಕೊಡಲೇಬಾರದು.

ಪ್ರೌಸ್ಟೈಟ್‌ನಂಥ ಬೆಳ್ಳಿಯ ಕೆಂಪು ಖನಿಜಗಳು ಬೆಳಕಿಗೆ ಕಪ್ಪಾಗುತ್ತವೆ. ಹಳೆಯ ಕ್ಯಾಮೆರಾದ ರೀಲು ಬೆಳಕಿಗೆ ಕಪ್ಪಾಗುತ್ತಿದ್ದದ್ದೂ ಅದರಲ್ಲಿದ್ದ ಬೆಳ್ಳಿಯ ಲವಣದಿಂದಲೇ. ಕಬ್ಬಿಣ ಮತ್ತು ರಂಜಕದ ವಿವಿಯನೈಟ್ ಹೊಸದಾಗಿ ತೆಗೆದಾಗ ತಿಳಿಯಾಗಿದ್ದು, ಬೆಳಕು ಕಂಡಂತೆ ನೀಲಿಯಾಗಿ, ಕೊನೆಗೆ ಕಪ್ಪಾಗುತ್ತದೆ.

ಮನುಷ್ಯರು ಕೊಟ್ಟ ಬಣ್ಣ

ಕಡುಗುಲಾಬಿ, ಮಿಂಚುವ ನೀಲಿ, ಗಿಳಿಹಸಿರು ಅಗೇಟ್ ಬಿಲ್ಲೆಗಳು ಅಗ್ಗಕ್ಕೆ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬಣ್ಣ ಕುಡಿಸಿರುತ್ತಾರೆ. ಗುಲಾಬಿ, ನೇರಳೆಯಂಥ ಡೈಗಳು ಬಿಸಿಲಿಗೆ ಬಟ್ಟೆಯ ಬಣ್ಣದಂತೆಯೇ ಹೋಗುತ್ತವೆ.

ಪುಷ್ಯರಾಗದ ಉಂಗುರ ಹಾಕುವವರು ಒಂದು ವಿಷಯ ತಿಳಿದಿರಲಿ. ಬಣ್ಣವಿಲ್ಲದ ನೀಲಮಣಿ ಜಾತಿಯ ಕಲ್ಲಿಗೆ ವಿಕಿರಣ ಹಾಯಿಸಿ ಹಳದಿ ಮಾಡಿದ ಮಾಲು ಇದೆ. ನೋಡಲು ಅಸಲಿ ಬಣ್ಣದ ಹಾಗೇ ಇರುತ್ತದೆ, ಕೆಲವು ದಿನದ ಬಿಸಿಲಿಗೆ ಇಳಿದುಹೋಗುತ್ತದೆ. ರತ್ನ ಪರೀಕ್ಷಿಸುವ ಲ್ಯಾಬ್‌ಗಳಲ್ಲಿ ಇದನ್ನು ಕಂಡುಹಿಡಿಯಲು ಬೆಳಕಿಗೆ ಇಟ್ಟು ನೋಡುವ ಪರೀಕ್ಷೆಯೇ ಇದೆ. ಬೆಲೆಬಾಳುವ ಕಲ್ಲಾದರೆ ಕೇಳಿ ಮಾಡಿಸಿಕೊಳ್ಳಿ.

ಇದಕ್ಕೆ ತದ್ವಿರುದ್ಧವಾದ ಕಲ್ಲೂ ಇದೆ. ಗುಜರಾತಿನ ಖಂಭಾತ್ ಕಸುಬುದಾರರು ಅಗೇಟ್ ಗುಂಡುಗಳನ್ನು ತಿಂಗಳುಗಟ್ಟಲೆ ಬಿಸಿಲಲ್ಲಿ ಹರಡಿ ಒಣಗಿಸುತ್ತಾರೆ. ಆಮೇಲೆ ಮಣ್ಣಿನ ಮಡಕೆಯಲ್ಲಿಟ್ಟು ಸಗಣಿ ಬೆರಣಿಯ ಬೆಂಕಿಯಲ್ಲಿ ಕಾಯಿಸುತ್ತಾರೆ. ಒಳಗಿನ ಕಬ್ಬಿಣದ ಹಳದಿ ಸಂಯುಕ್ತ ಕೆಂಪು ಆಕ್ಸೈಡ್ ಆಗಿ ಮಂಕು ಕಲ್ಲು ಕೆಂಪು ಕಾರ್ನೀಲಿಯನ್ ಆಗುತ್ತದೆ. ಹರಪ್ಪ ಕಾಲದ ಕೆಂಪು ಮಣಿಗಳ ಹಿಂದೆಯೂ ಇದೇ ಬಗೆಯ ವಿದ್ಯೆ ಇತ್ತು. ಎಲೆಕ್ಟ್ರಾನಿನ ಬಣ್ಣವನ್ನು ಅಳಿಸುವ ಬಿಸಿಲೇ ಇಲ್ಲಿ ಕಬ್ಬಿಣದ ಬಣ್ಣವನ್ನು ಎಬ್ಬಿಸುವ ಕೆಲಸಕ್ಕೆ ಕೈಜೋಡಿಸುತ್ತದೆ.

ಒಂದು ಗಂಟೆ ಬಿಸಿಲು ಎಂದರೆ ಎಷ್ಟು?

ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಡುಹಗಲ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ರಾತ್ರಿ ದೀಪ ಹಾಕಿದ ಹಾಲ್ 100ರಿಂದ 200 ಲಕ್ಸ್. ಮ್ಯೂಸಿಯಂಗಳಲ್ಲಿ ಬೇಗ ಮಾಸುವ ವಸ್ತುಗಳಿಗೆ ಸುಮಾರು 50 ಲಕ್ಸ್ ಮಿತಿ ಇಟ್ಟುಕೊಳ್ಳುತ್ತಾರೆ.

ಹಾನಿ ಒಟ್ಟುಗೂಡುತ್ತಾ ಹೋಗುತ್ತದೆ ಎಂಬುದು ಇಲ್ಲಿ ಮುಖ್ಯ. ಬೆಳಕಿನ ಪ್ರಮಾಣವನ್ನು ಗಂಟೆಗಳಿಂದ ಗುಣಿಸಿ. ಒಂದು ಗಂಟೆಯ ನೇರ ಬಿಸಿಲು ಎಂದರೆ 1 ಲಕ್ಷ. ಮ್ಯೂಸಿಯಂನ 50 ಲಕ್ಸ್ ಬೆಳಕು ಅಷ್ಟನ್ನು ಮುಟ್ಟಲು 2,000 ಗಂಟೆ ಬೇಕು. ದಿನಕ್ಕೆ 8 ಗಂಟೆಯಂತೆ 250 ದಿನ! ನೇರ ಬಿಸಿಲಿನಲ್ಲಿ ನೇರಳಾತೀತ ಕಿರಣವೂ ಶಾಖವೂ ಸೇರುವುದರಿಂದ ವ್ಯತ್ಯಾಸ ಇನ್ನೂ ದೊಡ್ಡದು. ಈ ಲೆಕ್ಕ ಹಾಕಿದ ದಿನ ನಾನು ಕಿಟಕಿಯ ಕಟ್ಟೆ ಖಾಲಿ ಮಾಡಿದೆ.

ಹುಣ್ಣಿಮೆಯ ರಾತ್ರಿ ಹರಳನ್ನು ಹೊರಗಿಡುವ ರೂಢಿ ಇರುವವರು ನಿಶ್ಚಿಂತೆಯಿಂದಿರಿ. ಪೂರ್ಣಚಂದ್ರನ ಬೆಳಕು ಹೆಚ್ಚೆಂದರೆ ಕಾಲು ಲಕ್ಸ್ ಆಸುಪಾಸು. ರಾತ್ರಿಗೆ 10 ಗಂಟೆಯಂತೆ ಇಟ್ಟರೂ ಒಂದು ಗಂಟೆಯ ಬಿಸಿಲಿಗೆ ಸಮ ಆಗಲು 40,000 ಹುಣ್ಣಿಮೆ ಬೇಕು, ಅಂದರೆ ಮೂರು ಸಾವಿರ ವರ್ಷಕ್ಕೂ ಹೆಚ್ಚು. ಬೆಳಗ್ಗೆ ಒಳಗೆ ತರಲು ಮರೆತರೆ ಮಾತ್ರ ಲೆಕ್ಕ ತಲೆಕೆಳಗು.

ಉತ್ತರದ ಕಿಟಕಿ ಸೇಫ್ ಅಲ್ವಾ?

ಹೊರದೇಶದ ಪುಸ್ತಕಗಳಲ್ಲಿ ಉತ್ತರದ ಕಿಟಕಿ ಸುರಕ್ಷಿತ ಎಂದು ಓದಿರಬಹುದು. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಇರುವ ಕನ್ನಡಿಗರಿಗೆ ಆ ಮಾತು ಬಹುಮಟ್ಟಿಗೆ ಸರಿ. ಅಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ನಮ್ಮಲ್ಲಿ ಹಾಗಲ್ಲ. ಇಡೀ ಕರ್ನಾಟಕ ಕರ್ಕಾಟಕ ವೃತ್ತದ ಕೆಳಗಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಗೆ ಬಂದು, ಆಗಸ್ಟ್ 18ರ ತನಕ ಮಧ್ಯಾಹ್ನದಲ್ಲಿ ಉತ್ತರದ ಕಡೆಗೇ ವಾಲಿರುತ್ತಾನೆ. ನೆರಳಿಲ್ಲದ ದಿನ ಎಂದು ಶಾಲೆಗಳಲ್ಲಿ ಮಕ್ಕಳು ಕೋಲು ನೆಟ್ಟು ನೋಡುವುದು ಈ ಎರಡು ದಿನಗಳನ್ನೇ. ಮೇ, ಜೂನ್ ತಿಂಗಳಲ್ಲಿ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಬೀಳುತ್ತದೆ. ಚಳಿಗಾಲದಲ್ಲಿ ದಕ್ಷಿಣದ ಸರದಿ. ಪೂರ್ವ, ಪಶ್ಚಿಮದ ಕಿಟಕಿಗಳಲ್ಲಿ ಬಿಸಿಲು ತಗ್ಗಿನಿಂದ ಬರುವುದರಿಂದ ಕೋಣೆಯ ಒಳಗಿನ ಗೋಡೆಯವರೆಗೂ ಚಾಚುತ್ತದೆ. ಹಾಗಾಗಿ ದಿಕ್ಕು ನಂಬುವ ಬದಲು, ರಜೆಯ ದಿನ ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲಿನ ಪಟ್ಟಿ ಎಲ್ಲೆಲ್ಲಿ ಹೋಗುತ್ತದೆ ನೋಡಿ. ವರ್ಷದಲ್ಲಿ ಮೂರ್ನಾಲ್ಕು ಸಲ ನೋಡಿದರೆ ಸಾಕು.

ಗಾಜು, ಫಿಲ್ಮ್, ದೀಪ

ಕಿಟಕಿಯ ಸಾದಾ ಗಾಜು ನೇರಳಾತೀತ ಕಿರಣದಲ್ಲಿ ಒಂದು ಭಾಗವನ್ನಷ್ಟೇ ತಡೆಯುತ್ತದೆ. ಚರ್ಮ ಸುಡುವಂಥದ್ದು ಬಹುಪಾಲು ನಿಲ್ಲುತ್ತದೆ, ಉಳಿದದ್ದು ದಾಟಿ ಬರುತ್ತದೆ. ಶೋಕೇಸಿನ ಗಾಜಿಗೂ ಇದೇ ಮಾತು. ಗಾಜಿಗೆ ಅಂಟಿಸುವ ಯುವಿ ಫಿಲ್ಮ್ ಆ ಉಳಿದ ಭಾಗವನ್ನೂ ಬಹುತೇಕ ತಡೆಯುತ್ತದೆ, ಆದರೆ ಕಣ್ಣಿಗೆ ಕಾಣುವ ಬೆಳಕನ್ನು ಬಿಡುತ್ತದೆ. ಕಾಣುವ ಬೆಳಕಿಗೂ ಕುಂಜೈಟ್, ರಿಯಾಲ್ಗರ್ ಹಾಳಾಗುತ್ತವೆ. ನನ್ನ ಅಭಿಪ್ರಾಯ ಕೇಳಿದರೆ ಫಿಲ್ಮಿಗೆ ದುಡ್ಡು ಹಾಕುವ ಮೊದಲು ಒಂದು ದಪ್ಪ ಪರದೆ ಹಾಕಿ.

ಶೋಕೇಸಿನೊಳಗೆ ಎಲ್‌ಇಡಿ ದೀಪ ಒಳ್ಳೆಯದು. ಅದರಲ್ಲಿ ನೇರಳಾತೀತ ತೀರಾ ಕಡಿಮೆ, ಬಿಸಿಯೂ ಕಡಿಮೆ. ಹ್ಯಾಲೊಜನ್ ದೀಪ ಹತ್ತಿರ ಇದ್ದರೆ ಕಲ್ಲು ಕಾಯುತ್ತದೆ. ಓಪಲ್‌ನ ಒಳಗೆ ನೀರಿನ ಅಂಶ ಇರುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಹರಳಿಡುವವರು ಬೆಳಕು, ಬಿಸಿ ಎರಡನ್ನೂ ಒಟ್ಟಿಗೆ ಕೊಡುತ್ತಿದ್ದಾರೆ. ಹರಳು ತೊಳೆದ ಮೇಲೆ ಹಪ್ಪಳದ ಹಾಗೆ ಬಿಸಿಲಿಗೆ ಹಾಕುವ ಅಭ್ಯಾಸವನ್ನೂ ಬಿಡಿ. ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗಿಟ್ಟರೆ ಒಣಗುತ್ತದೆ.

ಬೊಂಬೆ ಹಬ್ಬದ ಲೆಕ್ಕ

ನವರಾತ್ರಿಗೆ ಬೊಂಬೆ ಕೂರಿಸುವ ಮನೆಗಳಲ್ಲಿ ಅಜ್ಜಿಯ ಕಾಲದ ಬೊಂಬೆಗಳು ಇಂದಿಗೂ ಬಣ್ಣ ಉಳಿಸಿಕೊಂಡಿರುತ್ತವೆ. ವರ್ಷದಲ್ಲಿ ಹತ್ತು ದಿನ ಹೊರಗೆ, ಉಳಿದ ದಿನ ಹಳೇ ಪಂಚೆ, ಸೀರೆ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ. ಮ್ಯೂಸಿಯಂಗಳೂ ಬೇಗ ಮಾಸುವ ವಸ್ತುಗಳನ್ನು ಹೀಗೇ ಸರದಿಯಲ್ಲಿ ಹೊರಗಿಡುತ್ತವೆ.

ಮನೆಯ ಸಂಗ್ರಹಕ್ಕೂ ಇದು ಒಗ್ಗುತ್ತದೆ. ಬಾದಾಮಿಯ ಕಲ್ಲು, ಜಾಸ್ಪರ್, ಗಾರ್ನೆಟ್, ಅಪೋಫಿಲೈಟ್ ಇವು ಶೋಕೇಸಿನಲ್ಲಿ ಕಾಯಂ ಇರಲಿ. ಅಮೆಥಿಸ್ಟ್, ಫ್ಲೋರೈಟ್, ಸ್ಮೋಕಿ ಕ್ವಾರ್ಟ್ಜ್ ಬಿಸಿಲು ತಲುಪದ ಒಳಗೋಡೆಯ ಕಪಾಟಿನಲ್ಲಿರಲಿ. ಕುಂಜೈಟ್‌ನಂಥ ನಾಜೂಕಿನವು ಸ್ವೀಟ್ ಬಾಕ್ಸಿನಲ್ಲಿ ಹತ್ತಿ ಹಾಸಿ ಬೀರುವಿನೊಳಗೆ. ನೆಂಟರು ಬಂದಾಗ ತೆಗೆದು ತೋರಿಸಿದರೆ ಏನೂ ಆಗುವುದಿಲ್ಲ.

ನಿಮ್ಮ ಕಲ್ಲು ಯಾವ ಜಾತಿಯದೆಂದು ಗೊತ್ತಿಲ್ಲದಿದ್ದರೆ, ಅದೇ ಗೊಂಚಲಿನಿಂದ ಉದುರಿದ ಒಂದು ಚೂರು ತೆಗೆದುಕೊಳ್ಳಿ. ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಸುತ್ತಿ ಬಿಸಿಲಿಗಿಡಿ. ಕೆಲವು ವಾರ ಬಿಟ್ಟು ಫಾಯಿಲ್ ಬಿಚ್ಚಿ, ಬಿಳಿ ಕಾಗದದ ಮೇಲಿಟ್ಟು ನೋಡಿ. ನಡುವೆ ಗೆರೆ ಕಂಡರೆ ಉತ್ತರ ಸಿಕ್ಕಿತು. ಗೆರೆ ಕಾಣದಿದ್ದರೆ ಪರೀಕ್ಷೆ ಪೂರ್ತಿಯಾಯಿತೆಂದಲ್ಲ, ಇನ್ನಷ್ಟು ದಿನ ಇಟ್ಟು ನೋಡಬೇಕು.

ಚೀಟಿಯ ಬಗ್ಗೆಯೂ ಒಂದು ಮಾತು. ಕಲ್ಲು ಎಲ್ಲಿಂದ ಬಂತು, ಯಾವಾಗ ಬಂತು ಎಂದು ಬರೆದ ಚೀಟಿ ಇಲ್ಲದಿದ್ದರೆ ಸಂಗ್ರಹಕ್ಕೆ ಅರ್ಧ ಬೆಲೆಯೂ ಇಲ್ಲ. ಪೆನ್ನಿನ ಶಾಯಿ ಹರಳಿಗಿಂತ ಬೇಗ ಮಾಸುತ್ತದೆ. ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ಸಿಲಿನ ಕಪ್ಪು ಗ್ರಾಫೈಟ್, ಅದೂ ಒಂದು ಖನಿಜವೇ, ಬೆಳಕಿಗೆ ಜಗ್ಗುವುದಿಲ್ಲ.

ಹೋದ ಬಣ್ಣ ವಾಪಸ್ ಬರುತ್ತದಾ?

ರಿಯಾಲ್ಗರ್, ವಿವಿಯನೈಟ್‌ಗಳಲ್ಲಿ ಇಲ್ಲ. ಅಲ್ಲಿ ಪದಾರ್ಥವೇ ಬದಲಾಗಿರುತ್ತದೆ. ಅಮೆಥಿಸ್ಟ್, ಸ್ಮೋಕಿ ಕ್ವಾರ್ಟ್ಜ್‌ಗಳಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಒಳಗೇ ಇರುವುದರಿಂದ, ಪ್ರಯೋಗಾಲಯದಲ್ಲಿ ಗಾಮಾ ಕಿರಣ ಹಾಯಿಸಿದರೆ ಬಣ್ಣ ಮರಳಬಹುದು. ಮನೆಯಲ್ಲಿ ಮಾಡುವ ಕೆಲಸ ಅದಲ್ಲ. ಕತ್ತಲೆಯಲ್ಲಿಟ್ಟರೆ ತಾನಾಗಿ ಬರುತ್ತದೆ ಎಂದು ಕಾಯುವುದೂ ಬೇಡ.

ಹ್ಯಾಕ್‌ಮನೈಟ್ ಎಂಬ ಒಂದು ಖನಿಜ ಮಾತ್ರ ಬೇರೆ. ಅದರ ಗುಲಾಬಿ ಬಣ್ಣ ಬೆಳಕಿಗೆ ಹಾರಿಹೋಗುತ್ತದೆ, ನೇರಳಾತೀತ ದೀಪದ ಕೆಳಗಿಟ್ಟರೆ ಮತ್ತೆ ಬರುತ್ತದೆ. ಎಷ್ಟು ಸಲ ಬೇಕಾದರೂ ಮಾಡಿ ನೋಡಬಹುದು. ಎಲೆಕ್ಟ್ರಾನ್ ಗುಳಿಯಿಂದ ಗುಳಿಗೆ ಹೋಗಿ ಬರುವ ಆಟವನ್ನು ಕಣ್ಣಾರೆ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಕಲ್ಲಿಲ್ಲ.

ನನ್ನ ಅಮೆಥಿಸ್ಟ್ ಈಗ ಒಳಕೋಣೆಯ ಕಪಾಟಿನಲ್ಲಿದೆ. ಎರಡೂ ಬದಿಯ ಫೋಟೋ ತೆಗೆದು, ಹಿಂದೆ ಬಿಳಿ ಕಾಗದ ಇಟ್ಟು, ಪೆನ್ಸಿಲಿನಲ್ಲಿ ದಿನಾಂಕ ಬರೆದಿದ್ದೇನೆ. ಪ್ರತಿ ಯುಗಾದಿಗೆ ಅದೇ ಜಾಗದಲ್ಲಿ, ಅದೇ ದೀಪದ ಕೆಳಗೆ ಇನ್ನೊಂದು ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡುತ್ತೇನೆ.